‘ಔಟ್ ಆಫ್ ಮೆಮೊರಿ’ ಎಂದರೆ ಫೋಟೊ ಅಳಿಸಬೇಕೇ, ರ್‍ಯಾಮ್ ಕೊಳ್ಳಬೇಕೇ?

ತಡಸದ ಮನೆಯಲ್ಲೇ ಕುಳಿತು ಕಂಪನಿಯ ದೊಡ್ಡ ಜಾವಾ ಪ್ರಾಜೆಕ್ಟ್ ಬಿಲ್ಡ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಎಲ್ಲ ಸರಿಯಾಗಿಯೇ ನಡೆದು, ಕೊನೆಗೆ ವಿವರಣೆಯ ಪುಟಗಳನ್ನು ತಯಾರಿಸುವ ‘ಜಾವಾಡಾಕ್’ ಅರ್ಧಕ್ಕೆ ನಿಂತು ‘ಔಟ್ ಆಫ್ ಮೆಮೊರಿ’ ಎನ್ನುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೆ ಎರಡು ಸಲಹೆ ಬರುತ್ತವೆ: ಫೋಟೊ, ವಿಡಿಯೊ ಅಳಿಸಿ, ಇಲ್ಲವೇ ಹುಬ್ಬಳ್ಳಿಗೆ ಹೋಗಿ ರ್‍ಯಾಮ್ ಹಾಕಿಸಿ. ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಓದಿ.

ಸಲಹೆ 1: ಫೋಟೊ ಅಳಿಸಿ

ತಪ್ಪು. ಫೋಟೊ ಇರುವುದು ಸ್ಟೋರೇಜ್‌ನಲ್ಲಿ; ಅದು ಕಾಳು ತುಂಬಿಡುವ ಕಣಜದಂತೆ. ಪ್ರೋಗ್ರಾಂ ಕೆಲಸ ಮಾಡುವುದು ರ್‍ಯಾಮ್‌ನಲ್ಲಿ. ಅದು ರಾಶಿ ಮಾಡುವ ಕಣದಂತೆ. ಕಣಜ ಖಾಲಿ ಮಾಡಿದರೆ ಕಣ ದೊಡ್ಡದಾಗುವುದಿಲ್ಲ. ಸ್ಟೋರೇಜ್ ತುಂಬಿದಾಗ ಬರುವ ಸಂದೇಶವೇ ಬೇರೆ: ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’.

ಸಲಹೆ 2: ರ್‍ಯಾಮ್ ಹಾಕಿಸಿ

ಅರ್ಧ ಸತ್ಯ. ನಾವು ಬೇರೆ ಮಿತಿ ಹೇಳದಿದ್ದರೆ ಜಾವಾ ಸಾಮಾನ್ಯವಾಗಿ ರ್‍ಯಾಮ್‌ನ ನಾಲ್ಕನೇ ಒಂದು ಭಾಗವನ್ನಷ್ಟೇ ತನ್ನ ‘ಹೀಪ್’ಗೆ ಬಳಸುತ್ತದೆ. 8 ಜಿಬಿ ಇದ್ದರೆ ಸುಮಾರು 2 ಜಿಬಿ. ಜಾವಾಡಾಕ್ ಎಲ್ಲ ಕಡತಗಳನ್ನೂ ಓದಿ, ಯಾವ ಕ್ಲಾಸ್ ಯಾವುದಕ್ಕೆ ಸಂಬಂಧಿಸಿದ್ದು ಎಂಬ ಲೆಕ್ಕವನ್ನು ಒಟ್ಟಿಗೇ ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ಉಳಿದ ಕಣ ಖಾಲಿ ಇದ್ದರೂ ಅದರ ಪಾಲು ಸಾಲದೆ ಹೋಗುತ್ತದೆ. ಪಾಲು ಹೆಚ್ಚಿಸಲು ಒಂದು ರೂಪಾಯಿಯೂ ಬೇಡ.

ಹಾಗಾದರೆ ಏನು ಮಾಡಬೇಕು?

• ಸಂದೇಶ ಪೂರ್ತಿ ಓದಿ. ‘ಜಾವಾ ಹೀಪ್ ಸ್ಪೇಸ್’ ಎಂದಿದ್ದರೆ ಮಿತಿ ಹೆಚ್ಚಿಸಿ ನೋಡಿ.
• ಮೇವನ್ ಬಳಸುವವರು ಜಾವಾಡಾಕ್ ಪ್ಲಗಿನ್‌ನಲ್ಲೇ ‘ಮ್ಯಾಕ್ಸ್‌ಮೆಮೊರಿ’ ಬದಲಿಸಿ. ಮೇವನ್‌ನ ಮಿತಿಯನ್ನಷ್ಟೇ ಏರಿಸಿದರೆ ಸಾಲದು. ಜಾವಾಡಾಕ್ ಪ್ರತ್ಯೇಕ ಪ್ರೋಗ್ರಾಂ ಆಗಿ ಓಡುತ್ತದೆ. ಅನೇಕರು ಎಡವುವುದು ಇಲ್ಲೇ.
• ಗ್ರೇಡಲ್‌ನಲ್ಲಿಯೂ ಜಾವಾಡಾಕ್ ಕೆಲಸಕ್ಕೆ ಇದೇ ಹೆಸರಿನ ಪ್ರತ್ಯೇಕ ಮಿತಿ ಇದೆ.
• 8 ಜಿಬಿಯಲ್ಲಿ ಎಂಟನ್ನೂ ಕೊಡಬೇಡಿ. ಆಪರೇಟಿಂಗ್ ಸಿಸ್ಟಂ, ಬ್ರೌಸರ್‌ಗೂ ಜಾಗ ಬೇಕು. ಲಿನಕ್ಸ್‌ನಲ್ಲಿ ‘ಕಿಲ್ಡ್’ ಅಥವಾ 137 ಎಂದು ಬಂದು ನಿಂತರೆ, ಬಹುಮಟ್ಟಿಗೆ ರ್‍ಯಾಮ್ ನಿಜಕ್ಕೂ ಮುಗಿದಿದೆ. ಆಗ ಬೇರೆ ಪ್ರೋಗ್ರಾಂ ಮುಚ್ಚಿ, ಪ್ರಾಜೆಕ್ಟನ್ನು ಭಾಗ ಮಾಡಿ. ಅದೂ ಆಗದಿದ್ದರೆ ಮಾತ್ರ ರ್‍ಯಾಮ್ ಯೋಚನೆ.

ಫೋನಿಗೂ ಇದೇ ಮಾತು. ಆಂಡ್ರಾಯ್ಡ್ ಪ್ರತಿ ಆ್ಯಪ್‌ಗೂ ಹೀಪ್ ಮಿತಿ ಹಾಕುತ್ತದೆ. ಆ ಮಿತಿ ದಾಟಿ ಆ್ಯಪ್ ಮುಚ್ಚಿಕೊಂಡರೆ ಮಗುವಿನ ಫೋಟೊ ಅಳಿಸಿ ಪ್ರಯೋಜನವಿಲ್ಲ.

ಒಟ್ಟಿನಲ್ಲಿ: ‘ಮೆಮೊರಿ ಸಾಲದು’ ಎಂದಾಗ, ಯಾವ ಮೆಮೊರಿ ಎಂದು ಮೊದಲು ಕೇಳಿ. ಅಳಿಸುವುದು, ಕೊಳ್ಳುವುದು ಆಮೇಲೆ.