ಗುಪ್ತಪದದ ವಿಚಾರ

ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಅದರ ಮೇಲೆಯೇ ಇಡುವವನನ್ನು ಕಂಡರೆ ಯಾರಾದರೂ ನಗುವರು. ಆದರೆ ಗಣಕಯಂತ್ರದ ವಿಷಯದಲ್ಲಿ ನಮ್ಮಲ್ಲಿ ಬಹುಮಂದಿ ಮಾಡುವುದು ಇದನ್ನೇ. ಅಂಕಪಟ್ಟಿ, ಹೊಲದ ಪಹಣಿ, ಕಾಲವಾದ ಹಿರಿಯರ ಭಾವಚಿತ್ರ, ಎಲ್ಲವೂ ಇಂದು ಕಡತಗಳಾಗಿ ಅದರೊಳಗಿವೆ. ಅವುಗಳನ್ನು ಕಾಯುವುದು ಪಾಸ್‌ವರ್ಡ್ ಎಂಬ ಗುಪ್ತಪದ.

ಗುಪ್ತಪದವು ಕಡತವನ್ನು ಕಾಯುವ ಬಗೆ ಎರಡು. ಮೊದಲನೆಯದು ಬಾಗಿಲ ಕಾವಲು. ಯಂತ್ರದ ತಟ್ಟೆಯನ್ನೇ ಬಿಚ್ಚಿ ಒಯ್ದವನಿಗೆ ಇದು ಅಡ್ಡಿಯಾಗದು. ಎರಡನೆಯದು ಗೂಢಲಿಪೀಕರಣ. ಕುಮುದೇಂದು ಮುನಿಯ ಕೃತಿಯೆಂದು ಹೇಳಲಾಗುವ ‘ಸಿರಿಭೂವಲಯ’ದಲ್ಲಿ ಅಕ್ಷರಗಳ ಬದಲು 1ರಿಂದ 64ರವರೆಗಿನ ಅಂಕಿಗಳು 27 ಅಡ್ಡ, 27 ಉದ್ದ ಮನೆಗಳ ಚಕ್ರಗಳಲ್ಲಿವೆ. ಓದುವ ಬಂಧವನ್ನರಿಯದವನಿಗೆ ಅದು ಬರಿಯ ಅಂಕಿಗಳ ರಾಶಿ. ಗೂಢಲಿಪಿಗೊಳಗಾದ ಕಡತವೂ ಹಾಗೆಯೇ. ಗುಪ್ತಪದವೇ ಅದರ ಬಂಧ.

ಬಂಧ ಸುಲಭವಾಗಿದ್ದರೆ? ನಮ್ಮೂರು ನಲ್ಲೂರು, 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ಹುಣಸೆತೋಪಿನಿಂದ ಹೆಸರಾದುದು. ಆ ಹೆಸರೇ ಗುಪ್ತಪದಕ್ಕೆ ದೋಷ. ನಲ್ಲೂರಿನವನು ‘ಹುಣಸೆತೋಪು’ ಎಂದಿಟ್ಟಾನೆಂದು ಊಹಿಸಲು ಬುದ್ಧಿವಂತನೇ ಬೇಕಿಲ್ಲ. ಜನ್ಮದಿನವೂ ಅಷ್ಟೆ. ಎಂಟು ಅಂಕಿಗಳಿಂದ 10 ಕೋಟಿ ಜೋಡಣೆಗಳಾಗುವುವು ನಿಜ, ಆದರೆ ನೂರು ವರ್ಷಗಳ ಜನ್ಮದಿನಗಳು ಸುಮಾರು 36,500 ಮಾತ್ರ!

ಎಂಟು ಇಂಗ್ಲಿಷ್ ಸಣ್ಣಕ್ಷರಗಳನ್ನು ಹೇಗೆ ಜೋಡಿಸಿದರೂ 20,882 ಕೋಟಿಯಷ್ಟೇ. ಕದ್ದ ಕಡತದ ಮೇಲೆ ಸೆಕೆಂಡಿಗೆ ಸಾವಿರ ಕೋಟಿ ಊಹೆ ನಡೆಸುವ ಯಂತ್ರವೆಂದು ಲೆಕ್ಕ ಹಿಡಿದರೆ, ಇದಕ್ಕೆ 21 ಸೆಕೆಂಡು ಸಾಕು.

ಹಾಗಾದರೆ ದಾರಿ ಯಾವುದು? 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು ಸೂಚಿಸಿದ ದಾಳದ ಕ್ರಮವೇ ಸರಳ. ದಾಳವನ್ನು ಐದು ಸಲ ಉರುಳಿಸಿ, 7,776 ಪದಗಳ ಪಟ್ಟಿಯಿಂದ ಒಂದು ಪದವನ್ನು ಪಡೆಯಬೇಕು. ಹೀಗೆ ಆರು ಪದಗಳಾದರೆ, ಮೇಲಿನ ಯಂತ್ರಕ್ಕೆ ಎಲ್ಲವನ್ನೂ ಪರೀಕ್ಷಿಸಲು ಸುಮಾರು 7 ಲಕ್ಷ ವರ್ಷಗಳು ಬೇಕು. ಪದಗಳನ್ನು ನಾವೇ ಆರಿಸಲಾಗದು. ಮನಸ್ಸು ಪರಿಚಿತ ದಾರಿಯನ್ನೇ ಹಿಡಿಯುವುದು. ಗಾದೆಯೂ ಸಲ್ಲದು, ಅದು ಎಲ್ಲರ ಬಾಯಲ್ಲಿರುವ ಮಾತು.

ಒಂದೇ ಗುಪ್ತಪದವನ್ನು ಎರಡೆಡೆ ಬಳಸಬಾರದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿ, ಗುಪ್ತಪದಗಳಿದ್ದ ಕಡತವನ್ನೇ ಅಚ್ಚು ಮಾಡಿಸಿಕೊಂಡಿದ್ದರು. ಒಂದೆಡೆ ಸೋರಿದ್ದು ಇನ್ನೊಂದೆಡೆಯ ಬಾಗಿಲನ್ನೂ ತೆರೆಯಬಾರದಷ್ಟೆ.

ಮರೆವಿನ ಭಯವಿದ್ದರೆ ಕಾಗದದಲ್ಲಿ ಬರೆದು, ಯಂತ್ರದಿಂದ ದೂರ, ಮನೆಯ ಪೆಟ್ಟಿಗೆಯಲ್ಲಿಡುವುದು ತಪ್ಪಲ್ಲ. ಗೂಢಲಿಪಿಯ ಕಡತಕ್ಕೆ ಬದಲಿ ಕೀಲಿಯನ್ನು ಮೊದಲೇ ಮಾಡಿಡದಿದ್ದರೆ, ಬಂಧವನ್ನು ಮರೆತ ಒಡೆಯನೂ ಕಳ್ಳನಷ್ಟೇ ಪರಕೀಯನು. ಆದ್ದರಿಂದ ಸಹಪಾಠಿಗಳೇ, ಪರೀಕ್ಷೆಯ ಗಡಿಬಿಡಿ ತೊಡಗುವ ಮುನ್ನ ಒಂದು ದಾಳವನ್ನು ಕೈಗೆತ್ತಿಕೊಳ್ಳಿರಿ. ಅರ್ಧ ಗಂಟೆಯ ಕೆಲಸ. ಕಾಯುವುದು ಮೂರು ವರ್ಷಗಳ ದುಡಿಮೆಯನ್ನು.