ಅಡಿಕೆ ಸುಲಿತ: ಕೈಯ ಶ್ರಮಕ್ಕೂ ಒಂದು ಲೆಕ್ಕ

ನಮ್ಮಲ್ಲಿಗೆ ಹದಿನೈದು ವರ್ಷಗಳಿಂದ ಚಾಲಿ ಸುಲಿಯಲು ಬರುವ ಹೆಂಗಸೊಬ್ಬರಿದ್ದಾರೆ. ಕಳೆದ ವರ್ಷ ಒಂದು ದಿನ ಚಹಾದ ಲೋಟ ಅವರ ಕೈಯಿಂದ ಜಾರಿ ಬಿತ್ತು. "ರಾತ್ರಿ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಜೋಮು ಹಿಡೀತವೆ. ಕೈ ಕೊಡವಿದ್ರೆ ಹಗುರ ಆಗ್ತದೆ" ಅಂದರು. ಶುರುವಾಗಿ ಎರಡು ವರ್ಷವಾಗಿತ್ತಂತೆ. ಹೇಳಿದರೆ ಕೆಲಸ ತಪ್ಪೀತೆಂದು ಸುಮ್ಮನಿದ್ದರು.

ಮಣಿಕಟ್ಟಿನೊಳಗೆ ನರ ಒತ್ತಿಹೋಗಿದೆ, ಇದು ಕಾರ್ಪಲ್ ಟನಲ್ ತೊಂದರೆ ಎಂದರು ವೈದ್ಯರು. ರಾತ್ರಿ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟು, "ಕೆಲಸ ಕಡಿಮೆ ಮಾಡಿ" ಅಂದರು. ಎಷ್ಟು ಕಡಿಮೆ? ಯಾವುದನ್ನು? ಕಿಲೋ ಲೆಕ್ಕದಲ್ಲಿ ಸಂಬಳ ಪಡೆಯುವವರು ಕಡಿಮೆ ಮಾಡುವುದಾದರೂ ಹೇಗೆ?

ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿರುವ ನನ್ನ ತಮ್ಮನ ಮಗ ಇದಕ್ಕೊಂದು ಅಳತೆ ಇದೆ ಎಂದು ತೋರಿಸಿಕೊಟ್ಟ. ಹೆಸರು ಸ್ಟ್ರೈನ್ ಇಂಡೆಕ್ಸ್. ಅಮೆರಿಕದ ಮೂರ್ ಮತ್ತು ಗರ್ಗ್ ಎಂಬವರು 1995ರಲ್ಲಿ ಪ್ರಕಟಿಸಿದ್ದು. ಅವರು ಮೊದಲು ಒರೆಹಚ್ಚಿ ನೋಡಿದ್ದು ಮಾಂಸ ಕತ್ತರಿಸುವ ಘಟಕದ ಕೆಲಸಗಳ ಮೇಲೆ. ಅಲ್ಲಿಯೂ ಕತ್ತಿ, ಅಲ್ಲಿಯೂ ಅದೇ ಅದೇ ಕೈಚಲನೆ. 2017ರಲ್ಲಿ ಪರಿಷ್ಕೃತ ವಿಧಾನ ಬಂದಿದೆ. ಆದರೆ ಕಾಗದ, ಪೆನ್ನು ಹಿಡಿದು ಮಾಡಲು ಹಳೆಯದೇ ಸುಲಭ.

ಆರು ಪ್ರಶ್ನೆ. ಪ್ರತಿ ಉತ್ತರಕ್ಕೂ ಒಂದು ಅಂಕ. ಎಲ್ಲವನ್ನೂ ಗುಣಿಸಬೇಕು. ಗಡಿಯಾರ ಹಿಡಿದು ಅವರ ಪಕ್ಕ ಕುಳಿತು ಬಲಗೈಯ ಲೆಕ್ಕ ಬರೆದೆ.

1. ಬಲ ಎಷ್ಟು? ಸೊನ್ನೆಯಿಂದ ಹತ್ತರೊಳಗೆ ಹೇಳಿ ಅಂದೆ. "ಮೂರು" ಅಂದರು. ಅಂಕ 3.
2. ಒಟ್ಟು ಸಮಯದಲ್ಲಿ ಕೈ ಒತ್ತುತ್ತಿರುವುದು ಎಷ್ಟು ಪಾಲು? ಸುಮಾರು ಶೇ. 60. ಅಂಕ 2.
3. ನಿಮಿಷಕ್ಕೆ ಎಷ್ಟು ಸಲ ಒತ್ತುತ್ತಾರೆ? ಆರು ಅಡಿಕೆ, ಒಂದೊಂದಕ್ಕೆ ಮೂರು ಸಲ, 18. ಅಂಕ 2.
4. ಮಣಿಕಟ್ಟು ನೆಟ್ಟಗಿದೆಯೇ? ಸ್ವಲ್ಪ ಬಾಗಿದೆ. ಅಂಕ 1.5.
5. ವೇಗ? ಸಾಧಾರಣ. ಅಂಕ 1.
6. ದಿನಕ್ಕೆ ಎಷ್ಟು ಗಂಟೆ? ಏಳು. ಅಂಕ 1.

ಗುಣಿಸಿದರೆ 18 ಬಂತು! 3ರೊಳಗಿದ್ದರೆ ಹೆಚ್ಚುಕಡಿಮೆ ಸುರಕ್ಷಿತ, 7 ಅಥವಾ ಮೇಲಿದ್ದರೆ ಅಪಾಯ ಎಂದು ಲೆಕ್ಕ.

ನಾನು "ನಿಧಾನ ಮಾಡಿ" ಎನ್ನುವುದರಲ್ಲಿದ್ದೆ. ಆದರೆ ಪಟ್ಟಿ ನೋಡಿದರೆ ವೇಗಕ್ಕಿಂತ ಬಲದ್ದೇ ಹೊರೆ ಜಾಸ್ತಿ. ಬಲ ಮೂರರಿಂದ ಎರಡಕ್ಕಿಳಿದರೆ ಅಂಕ 3ರಿಂದ 1ಕ್ಕೆ ಬೀಳುತ್ತದೆ. ಕತ್ತಿ ಮುಟ್ಟಿ ನೋಡಿದೆ, ಮೊಂಡು. ಮಸೆಸದೆ ಎಷ್ಟು ಕಾಲವಾಯಿತೋ! ಅದು ನನ್ನ ಕೆಲಸವಾಗಿತ್ತು.

ಈಗ ದಿನಾ ಬೆಳಿಗ್ಗೆ ಮಸೆಯುತ್ತೇನೆ. ಸರಿಯಾಗಿ ಒಣಗದ ಅಡಿಕೆ ಬೇರೆ ತೆಗೆದು ಮತ್ತೆ ಬಿಸಿಲಿಗೆ ಹಾಕುತ್ತೇನೆ. ಬಲ "ಎರಡು" ಅಂದರು. ಮಣೆಯಡಿಗೆ ಹಲಗೆ ಕೊಟ್ಟು ಎತ್ತರಿಸಿದ ಮೇಲೆ ಮಣಿಕಟ್ಟು ನೆಟ್ಟಗಾಯಿತು, ಅಂಕ 1. ಸುಲಿತ ಮಧ್ಯಾಹ್ನದವರೆಗೆ ಮಾತ್ರ, ನಾಲ್ಕು ಗಂಟೆಯೊಳಗೆ, ಅಂಕ 0.75. ಊಟದ ಮೇಲೆ ಬೇರೆ ಕೆಲಸ. ಗುಣಿಸಿದರೆ 3. ಕಿಲೋ ಲೆಕ್ಕ ಬಿಟ್ಟು ದಿನಗೂಲಿ ಮಾಡಿದೆ. ಇಲ್ಲದಿದ್ದರೆ ಗಂಟೆ ಇಳಿಸಿದ ನಷ್ಟ ಅವರ ತಲೆಗೇ ಬೀಳುತ್ತಿತ್ತು. ನನಗೆ ಖರ್ಚು ತುಸು ಹೆಚ್ಚಿತು, ನಿಜ.

ಈ ಅಳತೆ ಕೆಲಸದ್ದು, ಕಾಯಿಲೆಯದ್ದಲ್ಲ. ಜೋಮು, ಹಿಡಿತ ಸಡಿಲವಾಗುವುದು ಇದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ನಮ್ಮವರಿಗೆ ಈಗ ರಾತ್ರಿ ನಿದ್ದೆ ಬರುತ್ತದೆ. ಆದರೆ ಬೆರಳ ತುದಿಯ ಮರಗಟ್ಟುವಿಕೆ ಪೂರ್ತಿ ಹೋಗಿಲ್ಲ. ಎರಡು ವರ್ಷ ಮೊದಲೇ ಕೇಳಿದ್ದರೆ ಎಂದು ಅನಿಸುತ್ತದೆ.

ನಿಮ್ಮ ಅಂಗಳದಲ್ಲೂ ಸುಲಿತ ನಡೆಯುತ್ತಿದ್ದರೆ ಒಮ್ಮೆ ಹತ್ತು ನಿಮಿಷ ಪಕ್ಕದಲ್ಲಿ ಕೂತು ಎಣಿಸಿ. ಅದಕ್ಕೂ ಮೊದಲು ಕತ್ತಿ ಮುಟ್ಟಿ ನೋಡಿ.