ರಸ್ತೆಯ ನಟ್ಟನಡುವಿನಿಂದ 40 ಮೀಟರ್

ಹೆದ್ದಾರಿಗೆ ಹೊಂದಿಕೊಂಡ ಹೊಲದಲ್ಲಿ ರೈತನೊಬ್ಬ ನಾಲ್ಕು ಗೋಡೆ ಎಬ್ಬಿಸಿ, ಶೀಟು ಹೊದಿಸಿ ಸಣ್ಣದೊಂದು ಹೋಟೆಲು ನಡೆಸೋಣ ಎಂದುಕೊಂಡರೆ ಅವನು ಅಲೆಯಬೇಕಾದ ಕಚೇರಿಗಳು ಮೂರು. ಪಹಣಿಯಲ್ಲಿ ಅದು ಕೃಷಿ ಜಮೀನು. ಹಾಗಾಗಿ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಆಗಬೇಕು. ಹಳ್ಳಿಯ ಬಾಯಲ್ಲಿ ಇದು ಡಿಸಿ ಕನ್ವರ್ಷನ್. ಕಟ್ಟುವುದಕ್ಕೂ ವ್ಯಾಪಾರಕ್ಕೂ ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು. ರಸ್ತೆ ಪಕ್ಕದ ಜಾಗವಾದ್ದರಿಂದ ಲೋಕೋಪಯೋಗಿ ಇಲಾಖೆಯ ಒಪ್ಪಿಗೆ, ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಆಡಳಿತದ ಒಪ್ಪಿಗೆ ಬೇಕು. ಮೊದಲ ಎರಡು ಹೇಗೋ ದಕ್ಕಬಹುದು. ಅವನು ಸಿಕ್ಕಿಕೊಳ್ಳುವುದು ಮೂರನೆಯದರಲ್ಲಿ. ಅಲ್ಲಿ ಟೇಪು ಹಿಡಿಯುವುದು ಹೊಲದ ಬದುವಿನಿಂದಲ್ಲ, ರಸ್ತೆಯ ನಟ್ಟನಡುವಿನಿಂದ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಬಯಲು ಸೀಮೆಯಲ್ಲಿ, ಊರುಕೇರಿ ಇಲ್ಲದ ಕಡೆ, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ನಡುಗೆರೆಯಿಂದ ಎರಡೂ ಬದಿಗೆ 40 ಮೀಟರ್ ದೂರದಲ್ಲಿ ಕಟ್ಟಡ ರೇಖೆ. ಅದರಿಂದ ಒಳಗೆ ಕಟ್ಟುವಂತಿಲ್ಲ. 75 ಮೀಟರಿಗೆ ಇನ್ನೊಂದು ಗೆರೆ, ನಿಯಂತ್ರಣ ರೇಖೆ. ಈ ಎರಡರ ನಡುವೆ ಕಟ್ಟಬಹುದು, ಆದರೆ ಜನರನ್ನು ಗುಂಪುಗೂಡಿಸುವ ಕಾರ್ಖಾನೆ, ಸಿನಿಮಾ ಮಂದಿರ, ಸಂತೆಕಟ್ಟೆಗಳಂಥವಕ್ಕೆ ಅಂಕುಶವಿದೆ. ಜಿಲ್ಲಾ ಮುಖ್ಯ ರಸ್ತೆಗೆ ಬಂದರೆ ಇದೇ ಅಳತೆ 25 ಮತ್ತು 50 ಮೀಟರಿಗೆ ಇಳಿಯುತ್ತದೆ. ಹಳ್ಳಿ ರಸ್ತೆಗೆ ಇನ್ನೂ ಕಡಿಮೆ.

ಹೆದ್ದಾರಿಗೆಂದು ಸರ್ಕಾರ ಪಡೆದುಕೊಳ್ಳುವ ಜಾಗದ ಅಗಲ ಸಾಮಾನ್ಯವಾಗಿ 45 ಮೀಟರ್, ಅಂದರೆ ನಡುವಿನಿಂದ ಒಂದು ಬದಿಗೆ 22.5. ಅಲ್ಲಿಂದ 40ರವರೆಗಿನ 17.5 ಮೀಟರ್ ಪಟ್ಟಿ ರೈತನದೇ. ಖಾತೆ ಅವನ ಹೆಸರಿನಲ್ಲಿದೆ, ಕಂದಾಯ ಕಟ್ಟುವವನೂ ಅವನೇ. ಹೊಲದ ಮುಖ 100 ಮೀಟರ್ ಇದ್ದರೆ ಆ ಪಟ್ಟಿ ಸುಮಾರು 17 ಗುಂಟೆ ಆಗುತ್ತದೆ. ರಾಗಿ ಬೆಳೆಯಬಹುದು, ತೆಂಗು ನೆಡಬಹುದು. ಬೆಳೆದ ಎಳನೀರನ್ನು ಮಾರಲು ಅಲ್ಲೇ ಒಂದು ಗೋಡೆ ಕಟ್ಟುವಂತಿಲ್ಲ. ಈ ಗೆರೆಯನ್ನು ಮೊದಲು ಎಳೆದವರು ಯಾರು, ಯಾವ ಭಯದಿಂದ ಎಳೆದರು ಎಂದು ಹುಡುಕುತ್ತಾ ಹೋದರೆ ತೊಂಬತ್ತು ವರ್ಷ ಹಿಂದಕ್ಕೆ, ಇಂಗ್ಲೆಂಡಿನ ಹಳ್ಳಿಗಾಡಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 40 ಲಕ್ಷ ಮನೆಗಳು ಎದ್ದವು. ಮೋಟಾರು ಆಗತಾನೆ ಮಧ್ಯಮ ವರ್ಗದ ಕೈಗೆ ಸಿಗುತ್ತಿತ್ತು. ಹೊಸ ರಸ್ತೆಗಳ ಗುಂಟ ನೀರಿನ ಕೊಳವೆ, ವಿದ್ಯುತ್ ತಂತಿ ಮೊದಲೇ ಹಾದು ಹೋಗಿರುತ್ತಿದ್ದವು. ರಸ್ತೆಗೆ ಮುಖ ಮಾಡಿ ಮನೆ ಕಟ್ಟಿದರೆ ಬಡಾವಣೆ ಮಾಡುವವನಿಗೆ ಒಳರಸ್ತೆ, ಚರಂಡಿಗಳ ಖರ್ಚು ಉಳಿಯುತ್ತಿತ್ತು. ಹೀಗೆ ಮನೆ, ಅವುಗಳ ನಡುವೆ ಪೆಟ್ರೋಲ್ ಬಂಕು, ಚಹಾ ಕೋಣೆ, ಗ್ಯಾರೇಜು, ಜಾಹೀರಾತು ಫಲಕ ಎಲ್ಲ ರಸ್ತೆಯ ಎರಡೂ ಬದಿಗೆ ಮೈಲಿಗಟ್ಟಲೆ ಸಾಲಾಗಿ ಅಂಟಿಕೊಂಡವು. ಹಿಂದೆ ಒಂದು ಹೆಜ್ಜೆ ಇಟ್ಟರೆ ಬರೀ ಹೊಲ. ಲಂಡನ್ನಿನ ನೈಋತ್ಯಕ್ಕಿರುವ ಕಿಂಗ್‌ಸ್ಟನ್ ಪಟ್ಟಣದ ದಟ್ಟಣೆ ತಪ್ಪಿಸಲೆಂದೇ ಕಟ್ಟಿದ ಬೈಪಾಸ್ 1927ರಲ್ಲಿ ಉದ್ಘಾಟನೆಯಾಯಿತು. ಕೆಲವೇ ವರ್ಷಗಳಲ್ಲಿ ಅದರ ಎರಡೂ ಬದಿ ಮನೆಗಳಿಂದ ತುಂಬಿತು. ದಟ್ಟಣೆಗೆ ಮದ್ದೆಂದು ಮಾಡಿದ ರಸ್ತೆಯೇ ದಟ್ಟಣೆಯ ತಾಣವಾಯಿತು.

ಇದನ್ನು ಅವರು ರಿಬ್ಬನ್ ಬೆಳವಣಿಗೆ ಎಂದು ಕರೆದರು. ಹಳ್ಳಿಗಾಡಿನ ಚೆಲುವು ಕೆಡುತ್ತಿದೆ ಎಂದು ಕೊರಗಿದವರು 1926ರಲ್ಲಿ ಗ್ರಾಮೀಣ ಇಂಗ್ಲೆಂಡ್ ಸಂರಕ್ಷಣಾ ಮಂಡಳಿ ಕಟ್ಟಿಕೊಂಡರು. ಆದರೆ ಸರ್ಕಾರವನ್ನು ಹೆಚ್ಚು ಅಲುಗಾಡಿಸಿದ್ದು ಚೆಲುವಲ್ಲ, ಸಾವು ಎಂದೇ ನನ್ನ ಎಣಿಕೆ. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಜನ ಸತ್ತರು. ಮರುವರ್ಷ ಊರೊಳಗೆ ಗಂಟೆಗೆ 30 ಮೈಲಿಯ ವೇಗಮಿತಿ ಬಂತು, ಚಾಲನಾ ಪರೀಕ್ಷೆ ಕಡ್ಡಾಯವಾಯಿತು, ಅದೇ 1935ರಲ್ಲಿ ರಿಬ್ಬನ್ ಬೆಳವಣಿಗೆ ನಿರ್ಬಂಧ ಕಾಯ್ದೆಯೂ ಬಂತು. ವರ್ಗೀಕೃತ ರಸ್ತೆಯ ನಡುವಿನಿಂದ 220 ಅಡಿಯೊಳಗೆ, ಅಂದರೆ ಹತ್ತಿರಹತ್ತಿರ 67 ಮೀಟರಿನೊಳಗೆ, ಅನುಮತಿ ಇಲ್ಲದೆ ಏನನ್ನೂ ಕಟ್ಟುವಂತಿಲ್ಲ. ರಸ್ತೆಗೆ ಹೊಸ ದಾರಿ ಕೂಡಿಸುವುದಕ್ಕೂ ಅಪ್ಪಣೆ ಬೇಕು. ಅಳತೆ ಶುರುವಾಗುವುದು ರಸ್ತೆಯ ನಡುವಿನಿಂದ ಎಂಬ ಪದ್ಧತಿಯನ್ನು ಅಲ್ಲಿ ಕಾಣುತ್ತೇವೆ.

ಆ ಕಾಯ್ದೆಯ ಮನಸ್ಸಿನಲ್ಲಿದ್ದದ್ದು ಪಟ್ಟಣದಲ್ಲಿ ಕೆಲಸವಿದ್ದು ಹಳ್ಳಿಯ ಗಾಳಿ ಬಯಸಿ ಬಂದವರ ಮನೆ. ನಮ್ಮ ರಸ್ತೆ ಬದಿಯ ವ್ಯಾಪಾರಿಯಂಥವನು ಅದರ ಲೆಕ್ಕದಲ್ಲಿ ಮುಖ್ಯನಾಗಿರಲಿಲ್ಲ. ಹನ್ನೆರಡು ವರ್ಷಕ್ಕೆ, 1947ರಲ್ಲಿ, ಅವರು ಇನ್ನೊಂದು ದೊಡ್ಡ ಹೆಜ್ಜೆ ಇಟ್ಟರು. ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇಡೀ ದೇಶದ ನೆಲವನ್ನೇ ಯೋಜನೆಯ ತೆಕ್ಕೆಗೆ ತಂದಿತು. ಎಲ್ಲಿ ಕಟ್ಟಬಾರದು ಎಂಬುದರ ಜೊತೆಗೆ ಎಲ್ಲಿ ಕಟ್ಟಬಹುದು ಎಂಬುದನ್ನೂ ನಕ್ಷೆಯಲ್ಲಿ ಬರೆಯುವ ಹೊಣೆ ಸ್ಥಳೀಯ ಸಂಸ್ಥೆಗಳ ಮೇಲೆ ಬಿತ್ತು.

ನಮಗೆ ಬಂದದ್ದು ಮೊದಲಿನದು. ಎರಡನೆಯದು ಬಂದರೂ ಊರಿನ ಹೊರಗೆ ಕಾಲಿಡಲಿಲ್ಲ.

1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯ ಸಮಿತಿ ದೇಶದ ರಸ್ತೆಗಳ ಬಗ್ಗೆ ಯೋಚಿಸಲು ಕುಳಿತಿತು. ಅದರ ಶಿಫಾರಸಿನಿಂದ 1929ರಲ್ಲಿ ಕೇಂದ್ರ ರಸ್ತೆ ನಿಧಿ, 1934ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಹುಟ್ಟಿದವು. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಎಂಬ ವಿಂಗಡಣೆ ಮಾಡಿದರು. ಬೇಸಾಯ ಚೆನ್ನಾಗಿರುವ ಸೀಮೆಯ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರ ಇರಬಾರದು ಎಂಬ ಗುರಿ ಇಟ್ಟುಕೊಂಡರು. ರಸ್ತೆ ಹಳ್ಳಿಗೆ ಹತ್ತಿರ ಬರಬೇಕೆಂದು ಹಂಬಲಿಸಿದ ಯೋಜನೆ ಅದು. ಹತ್ತಿರ ಬಂದ ರಸ್ತೆಯ ಬದಿಗೆ ಹಳ್ಳಿಯವರು ಏನು ಮಾಡಬಹುದು ಎಂಬ ಪ್ರಶ್ನೆ ಬಂದಾಗ ಮಾತ್ರ ಉತ್ತರ ಬೇರೆಡೆಯಿಂದ ಬಂತು. 1955ರ ಬಾಂಬೆ ಹೆದ್ದಾರಿ ಕಾಯ್ದೆ, ಆಮೇಲೆ ನಮ್ಮಲ್ಲಿ 1964ರ ಮೈಸೂರು ಹೆದ್ದಾರಿ ಕಾಯ್ದೆ (ಈಗ ಅದು ಕರ್ನಾಟಕ ಹೆದ್ದಾರಿ ಕಾಯ್ದೆ) ಎರಡೂ ತಮ್ಮ ಉದ್ದೇಶ ಹೇಳುವಾಗ ಮೊದಲು ಎತ್ತುವ ವಿಷಯವೇ ಹೆದ್ದಾರಿಗಳ ಗುಂಟ ರಿಬ್ಬನ್ ಬೆಳವಣಿಗೆಯನ್ನು ತಡೆಯುವುದು. ಒತ್ತುವರಿ ತೆರವು, ರಸ್ತೆ ನಿರ್ಮಾಣ, ನಿರ್ವಹಣೆ ಆಮೇಲಿನ ಮಾತು.

ಎಂಜಿನಿಯರುಗಳನ್ನು ದೂರುವ ಮನಸ್ಸು ನನಗಿಲ್ಲ. ಮುಂದೊಂದು ದಿನ ರಸ್ತೆ ಅಗಲ ಮಾಡಬೇಕಾದಾಗ ಕಟ್ಟಿದ ಮನೆ ಒಡೆಯುವ ಸಂಕಟ ಬೇಡ ಎಂಬುದು ಆ ಗೆರೆಯ ಹಿಂದಿನ ಒಂದು ಕಾರಣ. ತಿರುವಿನಲ್ಲಿ ಎದುರಿನ ಗಾಡಿ ಕಾಣಬೇಕು, ಧೂಳು ಸದ್ದು ಮನೆಯೊಳಗೆ ನುಗ್ಗಬಾರದು ಎಂಬುದು ಇನ್ನೊಂದು. ರಸ್ತೆಯ ಅಂಚಿನಲ್ಲೇ ಲಾರಿ ನಿಲ್ಲಿಸಿ ಚಹಾ ಕುಡಿಯಲು ಹೋದವನ ಲಾರಿಗೆ ಕತ್ತಲಲ್ಲಿ ಹಿಂದಿನಿಂದ ಬಂದ ಬಸ್ಸು ಬಡಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಗೆರೆ ಬೇಕು. ನನ್ನ ತಕರಾರು ಗೆರೆಯ ಆಚೆಗೆ ಏನನ್ನೂ ಬರೆಯದೆ ಬಿಟ್ಟಿದ್ದರ ಬಗ್ಗೆ.

ನಮ್ಮ ರಾಜ್ಯದ 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಹೆಸರಿನಲ್ಲಿ ಗ್ರಾಮಾಂತರವಿದೆ. ಆದರೆ ಮಹಾಯೋಜನೆ ತಯಾರಾಗುವುದು ನಗರ, ಪಟ್ಟಣಗಳ ಸುತ್ತ ಘೋಷಿಸಿದ ಯೋಜನಾ ಪ್ರದೇಶಕ್ಕೆ. ಅಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೃಷಿಗೆ ಹಸಿರು ಎಂದು ಬಣ್ಣ ಹಚ್ಚುತ್ತಾರೆ. ಯೆಲ್ಲೋ ಝೋನ್, ಗ್ರೀನ್ ಬೆಲ್ಟ್ ಎಂಬ ಮಾತು ಸೈಟು ಕೊಳ್ಳುವವರಿಗೆಲ್ಲ ಗೊತ್ತು. ಆ ನಕ್ಷೆ ಮುಗಿದಲ್ಲಿಂದ ಮುಂದಕ್ಕೆ, ಹಳ್ಳಿಗಳ ನಡುವೆ ಹಾಯುವ ನೂರಾರು ಕಿಲೋಮೀಟರ್ ರಸ್ತೆಗೆ ಬಣ್ಣವೇ ಇಲ್ಲ. ಪಂಚರ್ ಅಂಗಡಿ, ವೆಲ್ಡಿಂಗ್ ಶಾಪು, ಗೊಬ್ಬರದ ಮಳಿಗೆ, ಊಟದ ಹೋಟೆಲು ಯಾವ ಜಾಗದಲ್ಲಿ ಇದ್ದರೆ ಸರಿ ಎಂದು ಹೇಳುವ ಕಾಗದ ಅಲ್ಲಿಲ್ಲ. ಭೂಕಂದಾಯ ಕಾಯ್ದೆ, ಪಂಚಾಯತ್ ರಾಜ್ ಕಾಯ್ದೆ, ಹೆದ್ದಾರಿ ಕಾಯ್ದೆ ಮೂರೂ ತಮ್ಮತಮ್ಮ ಪಾಡಿಗೆ ಅರ್ಜಿ ಪರಿಶೀಲಿಸುತ್ತವೆ. ಹೀಗಾಗಿ ಬಡವ ಅರ್ಜಿಯನ್ನೇ ಹಾಕುವುದಿಲ್ಲ. ಗೋಡೆ ಕಟ್ಟಿದರೆ ತಾನೇ ಕಟ್ಟಡ? ಅವನು ರಸ್ತೆಯ ಮಾರ್ಜಿನ್ನಿಗೆ ಬಂದು ನಾಲ್ಕು ಗೂಟ ನೆಟ್ಟು ಗೂಡಂಗಡಿ ಇಡುತ್ತಾನೆ. ತನ್ನ ಜಮೀನಿನಲ್ಲಿ 40 ಮೀಟರ್ ಹಿಂದೆ ಇರಬೇಕಾದವನು ಸರ್ಕಾರದ ಜಾಗದಲ್ಲಿ, ಗಾಡಿಗಳ ಮೈಮೇಲೇ ಬಂದು ಕೂರುತ್ತಾನೆ. ಅಪಘಾತ ತಪ್ಪಿಸಲು ಮಾಡಿದ ನಿಯಮ ಅವನನ್ನು ಅಪಘಾತದ ಬಾಯಿಗೇ ತಳ್ಳಿತು.

ಅಲ್ಲಿ ಅವನಿಗೆ ಯಾವ ಆಸರೆಯೂ ಇಲ್ಲ. 2002ರ ರಾಷ್ಟ್ರೀಯ ಹೆದ್ದಾರಿಗಳ ನಿಯಂತ್ರಣ ಕಾಯ್ದೆ ಪ್ರಕಾರ ಹೆದ್ದಾರಿ ಜಾಗದಲ್ಲಿ ಬಯಲಿನಲ್ಲಿಟ್ಟು ಮಾರುವವರನ್ನು, ತಾತ್ಕಾಲಿಕ ಅಂಗಡಿ ಹಾಕಿದವರನ್ನು ನೋಟಿಸು ಕೊಡದೆಯೇ ಎಬ್ಬಿಸಬಹುದು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಸಮೀಕ್ಷೆ, ಗುರುತಿನ ಚೀಟಿ, ವ್ಯಾಪಾರ ವಲಯ, ವ್ಯಾಪಾರಿಗಳೂ ಸದಸ್ಯರಾಗಿರುವ ಪಟ್ಟಣ ವ್ಯಾಪಾರ ಸಮಿತಿ ಎಲ್ಲವನ್ನೂ ಕೊಟ್ಟಿತು. ದೊಡ್ಡ ಕಾಯ್ದೆ ಅದು. ಆದರೆ ಅದು ನಗರ, ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗಷ್ಟೇ ಅನ್ವಯ. ಮಲ್ಲೇಶ್ವರದಲ್ಲಿ ಸೊಪ್ಪು ಮಾರುವ ಹೆಂಗಸಿಗೆ ಹಕ್ಕಿನ ಚೀಟಿ ಸಿಗಬಹುದು. ಹೆದ್ದಾರಿ ಬದಿಯಲ್ಲಿ ಸೀಬೆಹಣ್ಣು ಗುಡ್ಡೆ ಹಾಕಿಕೊಂಡು ಕುಳಿತ ಅವಳ ಅಕ್ಕನಿಗೆ ಅಂಥ ಚೀಟಿ ಕೊಡುವವರೇ ಇಲ್ಲ.

ಗೆರೆ ಸರಿಯುವುದೇ ಇಲ್ಲ ಎಂದೇನೂ ಅಲ್ಲ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್, ಕುಡಿದು ಓಡಿಸಿ ಆಗುವ ಸಾವುಗಳನ್ನು ಮುಂದಿಟ್ಟುಕೊಂಡು, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದೆಂದು ಹೇಳಿತು. 2017ರ ಮಾರ್ಚ್ 31ಕ್ಕೆ, ಜನಸಂಖ್ಯೆ 20,000 ಮೀರದ ಕಡೆ ಆ ಅಂತರ 220 ಮೀಟರಿಗೆ ಇಳಿಯಿತು. ಕೆಲವೆಡೆ ಊರೊಳಗಿನ ಹೆದ್ದಾರಿಗಳನ್ನು ಹೆದ್ದಾರಿಯೇ ಅಲ್ಲವೆಂದು ಘೋಷಿಸುವ ಪ್ರಯತ್ನ ನಡೆಯಿತು. ರಾಜ್ಯಗಳ ಅಬಕಾರಿ ಆದಾಯ, ದೊಡ್ಡ ಹೋಟೆಲುಗಳ ವಹಿವಾಟು ಅದರ ಹಿಂದೆ ಇದ್ದವು. ತಿಂಗಳುಗಳಲ್ಲಿ ಅಳತೆ ಬದಲಾಯಿತು. ಚಹಾ ಅಂಗಡಿಯವನ 40 ಮೀಟರಿನ ಪರವಾಗಿ ಅಂಥ ವಕೀಲರ ದಂಡು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ.

ಬೆಂಗಳೂರು–ಮೈಸೂರು ರಸ್ತೆಯ ಕತೆ ಇದೆಲ್ಲದರ ಈಚಿನ ಅಧ್ಯಾಯ. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ, ರೈಲು ನಿಲ್ದಾಣದಲ್ಲಿ ಹುಟ್ಟಿ ರಸ್ತೆಗೆ ಬಂದ ಮದ್ದೂರು ವಡೆ, ಮಂಡ್ಯದ ಎಳನೀರು, ಬೆಲ್ಲ. ಯಾರೂ ಯೋಜನೆ ಹಾಕಿ ಕೂರಿಸಿದ್ದಲ್ಲ. ನಿಲ್ಲುವ ಬಸ್ಸು, ಹಸಿದ ಪ್ರಯಾಣಿಕ, ಪಕ್ಕದ ಹಳ್ಳಿಯ ಕಸುಬು ಕೂಡಿಕೊಂಡು ತಲೆಮಾರುಗಳಲ್ಲಿ ಕಟ್ಟಿದ ಆರ್ಥಿಕತೆ ಅದು. 2023ರ ಮಾರ್ಚ್ 12ರಂದು 118 ಕಿಲೋಮೀಟರಿನ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್. ನಡುವಿನ ಆರು ಪಥಕ್ಕೆ ಬೇಲಿ. ಆಗಸ್ಟ್ 1ರಿಂದ ಆ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗೂ ಪ್ರವೇಶವಿಲ್ಲ. ಪ್ರಯಾಣದ ಸಮಯ ಉಳಿಯಿತು ನಿಜ. ಹಳೆ ರಸ್ತೆಯ ಗೊಂಬೆ ಅಂಗಡಿಯವರು ಗಿರಾಕಿಗಾಗಿ ಕಾಯುವಂತಾಯಿತು.

ಹೊಸ ಹೆದ್ದಾರಿಗಳಲ್ಲಿ ವ್ಯಾಪಾರಕ್ಕೆ ಜಾಗವಿಲ್ಲವೆಂದಲ್ಲ. 40ರಿಂದ 60 ಕಿಲೋಮೀಟರಿಗೊಂದು ವಿಶ್ರಾಂತಿ ತಾಣ ಕಟ್ಟುವುದು ಹೆದ್ದಾರಿ ಪ್ರಾಧಿಕಾರದ ಯೋಜನೆ. ಪೆಟ್ರೋಲ್ ಬಂಕು, ಫುಡ್ ಕೋರ್ಟ್, ಶೌಚಾಲಯ, ಲಾರಿ ನಿಲ್ದಾಣ ಎಲ್ಲ ಒಂದೇ ಆವರಣದಲ್ಲಿ. ಹೆದ್ದಾರಿಗೆ ದಾರಿ ಕೂಡಿಸಲು ನಿಯಮವೂ ಇದೆ: ವೇಗ ಇಳಿಸಲು ಒಂದು ಪಥ, ಏರಿಸಲು ಒಂದು ಪಥ, ನಕ್ಷೆ, ಶುಲ್ಕ, ಲೈಸೆನ್ಸು. ಅಷ್ಟು ಬಂಡವಾಳ ಹೂಡಬಲ್ಲವನಿಗೆ ಅದು ನ್ಯಾಯವಾದ ನಿಯಮವೇ. ಹತ್ತು ತಟ್ಟೆ, ಒಂದು ಒಲೆಯ ವ್ಯಾಪಾರಕ್ಕೆ ಆ ಅಳತೆಯ ಅಂಗಿ ಹೊಲಿದಿಲ್ಲ.

ಮಾಡಬಹುದಾದದ್ದು ಅಸಾಧ್ಯವೇನೂ ಅಲ್ಲ. ಬೈಪಾಸಿಗೆ ಭೂಸ್ವಾಧೀನ ಆಗುವಾಗಲೇ, ಸರ್ವಿಸ್ ರಸ್ತೆಗೆ ಊರ ದಾರಿ ಕೂಡುವ ಕಡೆ ಕಟ್ಟಡ ರೇಖೆಯ ಹಿಂದೆ ಇಪ್ಪತ್ತು ಗುಂಟೆ ಹೆಚ್ಚಿಗೆ ಪಡೆದು ಗ್ರಾಮ ಪಂಚಾಯಿತಿಯ ಕೈಗೆ ಕೊಡಬೇಕು. ಭೂಪರಿವರ್ತನೆ, ಹೆದ್ದಾರಿಯ ಒಪ್ಪಿಗೆ ಎರಡನ್ನೂ ಸರ್ಕಾರವೇ ಒಮ್ಮೆಗೆ ಮುಗಿಸಿಡಬೇಕು. ಗಾಡಿ ನಿಲ್ಲಲು ಜಾಗ, ನೀರು, ಶೌಚಾಲಯ, ದೀಪ ಇಟ್ಟು ಹತ್ತಡಿ ಅಗಲದ ಮಳಿಗೆಗಳನ್ನು ಪಂಚಾಯಿತಿ ಬಾಡಿಗೆಗೆ ಕೊಡಬೇಕು. ಹಂಚಿಕೆಯ ಪಟ್ಟಿಯಲ್ಲಿ ಮೊದಲು ಬರಬೇಕಾದ್ದು ರಸ್ತೆಗೆ ಜಮೀನು ಬಿಟ್ಟುಕೊಟ್ಟವರ ಹೆಸರು, ಆಮೇಲೆ ಹಳೆ ರಸ್ತೆಯಲ್ಲಿ ಅಂಗಡಿ ಕಳೆದುಕೊಂಡವರದು.